ಹಾರ್ನಿನಲ್ಲಿ ಕೇಳಿದ ಎರಡನೆಯ ದನಿ

"ಇನ್ನೊಂದ್ಸಲ ಹಾಕು," ಅಂದ ಸಬ್ ಇನ್ಸ್‌ಪೆಕ್ಟರ್ ಉಗ್ರಪ್ಪ.

ಮೈಕ್ ಸೆಟ್ ಕಲ್ಲೇಶಪ್ಪ ಗ್ರಾಮಫೋನಿನ ಮುಳ್ಳನ್ನೆತ್ತಿ ಮತ್ತೆ ಪ್ಲೇಟಿನ ಅಂಚಿಗೆ ಇಳಿಸಿದ. ಮೊದಲು ಕರಕರ ಸದ್ದು. ಆಮೇಲೆ ಗಿಟಾರಿನ ದಪ್ಪ ತಂತಿ ಹೊಟ್ಟೆಗೇ ಗುದ್ದುವ ಹಾಗೆ ಗುಡುಗುಡು ಶುರುವಾಯಿತು. ಅದರ ಮೇಲೆ ಡ್ರಮ್ಮು, ಡ್ರಮ್ಮಿನ ಮೇಲೆ ತುತ್ತೂರಿ, ಅಷ್ಟನ್ನೂ ಪಕ್ಕಕ್ಕೆ ತಳ್ಳಿಕೊಂಡು ಬಂದದ್ದು ಒಂದು ಹೆಣ್ಣುದನಿ.

ಮೈಯೆಲ್ಲಾ ರೈಲು, ಕಾಲೆಲ್ಲಾ ಗಾಲಿ,
ನಿಲ್ಸೋನು ಯಾರೋ, ಸ್ಟೇಷನ್ನೇ ಖಾಲಿ...

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಈರುಳ್ಳಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಮೂಟೆಗಳ ಮೇಲೆ ಮಲಗಿದ್ದ ಗಾಡಿಯವನೊಬ್ಬ ಕಣ್ಣು ಮುಚ್ಚಿಕೊಂಡೇ ಕಾಲು ಕುಣಿಸಿದ. ಅಂಗಡಿಯ ಮುಂದೆ ಪೊಲೀಸ್ ಜೀಪು ಕಂಡಾಗ ಕಾಲನ್ನು ಒಳಕ್ಕೆಳೆದುಕೊಂಡ.

ಉಚ್ಚಂಗಮ್ಮನ ಮೈ ಮಾತ್ರ ಕದಲಲಿಲ್ಲ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಒಳಗೆ ಎರಡು ಖಾಲಿ ಕುರ್ಚಿಗಳಿದ್ದವು. ಬಾ ಅಂತ ಕಲ್ಲೇಶಪ್ಪ ಕರೆಯಲಿಲ್ಲ, ಉಗ್ರಪ್ಪನೂ ಕರೆಯಲಿಲ್ಲ. ಹಾಡುತ್ತಿದ್ದವಳು ಅವಳ ಮಗಳು ಹುಲಿಯಮ್ಮ. ಮಣ್ಣು ಮಾಡಿ ಇನ್ನೂ ಹಾಲುತುಪ್ಪ ಬಿಟ್ಟಿರಲಿಲ್ಲ.

ಮಂಡಿ ಮಲ್ಲಿಕಾರ್ಜುನಪ್ಪನ ಮಗಳು ಮಲ್ಲಿಕಾಂಬಳ ಆರತಕ್ಷತೆಯ ಸಂಜೆ, ಹುಲಿಯಮ್ಮ ಹಳಿ ದಾಟುವಾಗ ಪ್ಯಾಸೆಂಜರ್ ರೈಲಿಗೆ ಸಿಕ್ಕಿ ಸತ್ತಳು ಎಂದು ಪಂಚನಾಮೆ ಬರೆಸಿದವನು ಉಗ್ರಪ್ಪನೇ. ರುಜು ಅವನದೇ. ಆ ಕಾಗದ ಇವತ್ತು ಸಂಜೆ ತರೀಕೆರೆಗೆ ಹೋಗುತ್ತದೆ. ಹೋದರೆ ಆಕಸ್ಮಿಕ ಸಾವು, ಫೈಲು ಬಂದ್. ಅದನ್ನು ತಡೆಯಬೇಕಾದರೆ ರೈಲು ಹೋದ ಮೇಲೂ ಹುಲಿಯಮ್ಮ ಬದುಕಿದ್ದಳು ಎಂದು ತೋರಿಸಬೇಕು. ಹಾಗೆ ಹೇಳುತ್ತಿದ್ದವಳು ಇಡೀ ಊರಿನಲ್ಲಿ ಇವಳೊಬ್ಬಳೇ.

ಹಾಡು ಮುಗಿಯಿತು.

"ಹೇಳಮ್ಮ. ಅವತ್ತು ಕೇಳಿದ್ದು ಇದೇ ಹಾಡಾ?"

"ಹಾಡು ಇದೇಯ. ಆದ್ರೆ ಇದ್ರಾಗೆ ಒಂದೇ ದನಿ ಐತೆ. ಅವತ್ತು ಹಾರ್ನಿನಾಗೆ ಎರಡಿತ್ತು."

ಕಲ್ಲೇಶಪ್ಪ ನಕ್ಕ. "ಹಾರ್ನೇ ಎರಡು ಕಟ್ಟಿದ್ದೆ ಸಾರ್. ಒಂದು ಊರ ಕಡೆಗೆ, ಒಂದು ಕೇರಿ ಕಡೆಗೆ. ಗಾಳಿ ಬೀಸಿದ್ರೆ ಒಂದರ ಹಿಂದೆ ಒಂದು ಕೇಳ್ಸುತ್ತೆ. ವಯಸ್ಸಾದೋರಿಗೆ ಎರಡಾಗಿ ಕೇಳಿರಬೌದು."

ಆ ಸೀಮೆಯ ಮೈಕ್ ಸೆಟ್‌ನವರ ಪದ್ಧತಿ ಅದು. ಕೇರಿಯವರನ್ನು ಮದುವೆಯ ಊಟಕ್ಕೆ ಕರೆಯುವುದಿಲ್ಲ, ಹಾಡು ಮಾತ್ರ ಅಲ್ಲಿಗೂ ಮುಟ್ಟಲಿ ಎಂದು ಒಂದು ಹಾರ್ನನ್ನು ಅತ್ತ ತಿರುಗಿಸಿ ಕಟ್ಟುತ್ತಾರೆ. ಅದಕ್ಕೆ ಧರ್ಮ ಅಂತಲೂ ಅನ್ನುತ್ತಾರೆ.

"ಕಲ್ಲೇಶಣ್ಣ, ನನ್ ಮಗಳ ದನಿ ನಂಗೆ ಹೇಳ್ಕೊಡ್ಬ್ಯಾಡ," ಅಂದಳು ಉಚ್ಚಂಗಮ್ಮ. "ಎರಡೂ ಅವ್ಳ್ದೇ. ಒಂದು ಪ್ಲೇಟಿಂದು, ಒಂದು ಉಸಿರಿಂದು. ಪ್ಲೇಟಾಗೆ ಇಲ್ದಿದ್ ಮಾತೂ ಹಾಡಿದ್ಲು. 'ಅವ್ವಾ, ಎಸರಿಡೇ, ಬತ್ತೀನಿ' ಅಂತ ನಂಗೇ ಹಾಡಿದ್ಲು. ನಾನು ನಗಾಡ್ಕಂಡು ಮುದ್ದೆಗೆ ಎಸರಿಟ್ಟೆ."

"ಆಗ ಪ್ಯಾಸೆಂಜರ್ ಬಂದಿತ್ತಾ?"

"ಬಂದು ಹೋಗಿತ್ತು ಕಣಪ್ಪ. ಅದು ಹೋದ್ಮೇಲೇ ಅಲ್ವಾ ನಾನು ಒಲೆ ಹಚ್ಚೋದು. ಅದ್ರ ಹೊಗೆ ನಮ್ಮ ಸೂರಿನ ಮ್ಯಾಲೆ ಹಾದೋದ್ಮೇಲೆ."

"ಪಂಚನಾಮೆ ದಿನ ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ಉಗ್ರಪ್ಪ ಟೋಪಿ ತೆಗೆದು ಮೇಜಿನ ಮೇಲಿಟ್ಟ. ನಿಜ, ಕೇಳಿರಲಿಲ್ಲ. ಕಾನ್‌ಸ್ಟೇಬಲ್ ಬೆನಕಪ್ಪ ಹೇಳುತ್ತ ಹೋದ, ರೈಟರ್ ಬರೆಯುತ್ತ ಹೋದ, ಇವನು ರುಜು ಹಾಕಿದ. ಹೆಣದ ತಾಯಿ ಹತ್ತು ಮಾರು ದೂರದಲ್ಲಿ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಳುವವರ ಹತ್ತಿರ ಕೇಳುವುದೇನು ಅಂದುಕೊಂಡಿದ್ದ.

"ನೀನೂ ಅಲ್ಲೇ ಇದ್ಯಲ್ಲ ಮಗ, ಮದ್ವೆ ಮನೆಯಾಗೆ," ಅಂದಳು. ಗದರಿಕೆ ಇರಲಿಲ್ಲ ದನಿಯಲ್ಲಿ, ಇದ್ದಿದ್ದರೆ ವಾಸಿಯಿತ್ತು. "ಅಷ್ಟು ಜೋರಾಗಿ ಹಾಡಿದ್ಲು. ನಿಂಗೆ ಕೇಳಿಸ್ಲಿಲ್ವಾ?"

"ಊಟಕ್ಕೆ ಕೂತಿದ್ದೆ ಕಣಮ್ಮ."

ಅವಳು ತಲೆಯಾಡಿಸಿದಳು. ದೇವನೂರಿನ ಕೇರಿಯ ಹುಡುಗ, ತನ್ನ ತವರಿನ ಕಡೆಯವನು, ಪೊಲೀಸ್ ಸಾಹೇಬನಾಗಿ ಬಂದಿದ್ದಾನೆ ಎಂದು ಕೇರಿಗೆಲ್ಲ ಬೆಲ್ಲ ಹಂಚಿದವಳು ಅವಳು. ಉಂಡ ತಪ್ಪಿಗೆ ಅವನನ್ನು ಬೈಯುವುದು ಅವಳಿಂದಾಗಲಿಲ್ಲ.

ಬೆನಕಪ್ಪ ಜೀಪಿಗೆ ಒರಗಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ. ಹಾಡು ನಿಂತ ಮೇಲೂ ಅವನ ಕಿವಿ ಅಂಗಡಿಯ ಕಡೆಗೇ ಇತ್ತು.

"ಬೆನಕಪ್ಪ, ಅಮ್ಮಂಗೊಂದು ಟೀ ಕೊಡ್ಸು. ಜೀಪಿನ ನೆರಳಲ್ಲಿ ಕೂರ್ಸು. ಆಮೇಲೆ ಠಾಣೆಗೆ ಕರ್ಕೊಂಡ್ಹೋಗಿ ಹೇಳಿಕೆ ಬರ್ಸೋಣ."

"ಏನಂತ ಬರ್ಸೋದು ಸಾರ್, ದನಿ ಎರಡಿತ್ತು ಅಂತಾನಾ?" ಬೆನಕಪ್ಪ ಸಿಪ್ಪೆ ಊದಿದ. "ಕೋರ್ಟಲ್ಲಿ ನಗ್ತಾರೆ."

"ನಗ್ಲಿ. ಹೋಗು."

ಉಗ್ರಪ್ಪ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡ. ಒಳಗೆ ಆಂಪ್ಲಿಫೈಯರ್ ಪೆಟ್ಟಿಗೆಗಳ ಬಿಸಿ ವಾಸನೆ. ಗೋಡೆಯ ಮೊಳೆಗಳಲ್ಲಿ ಕರಿಯ ವಯರಿನ ಸುರುಳಿಗಳು, ಮೂಲೆಯಲ್ಲಿ ಬೋರಲು ಹಾಕಿದ ಹಾರ್ನುಗಳು.

ಪ್ಲೇಟಿನ ಕವರನ್ನು ಕೈಗೆ ತೆಗೆದುಕೊಂಡ. ಬದಿಗೊಂದೇ ಹಾಡಿನ ಚಿಕ್ಕ ಪ್ಲೇಟು. ಕವರಿನ ಮೇಲೆ ಕಪ್ಪು ಕನ್ನಡಕ, ಬೆಲ್‌ಬಾಟಮ್ ಪ್ಯಾಂಟು ಹಾಕಿ ಸೊಂಟ ತಿರುಗಿಸಿ ನಿಂತ ಹೆಣ್ಣು. ಕೆಳಗೆ 'ರೂಬಿ' ಎಂದು ದಪ್ಪಕ್ಷರ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಹಾಡಲು ನಿಂತಾಗ ಹುಲಿಯಮ್ಮ ಇಟ್ಟುಕೊಂಡ ಹೆಸರು. ಆ ಹೆಸರಿನಲ್ಲಿ ಅವಳ ದನಿ ಕಡೂರಿನ ಟೂರಿಂಗ್ ಟಾಕೀಸಿಗೆ ಬಂತು, ತರೀಕೆರೆಯ ಹೋಟೆಲುಗಳಿಗೆ ಬಂತು, ಹುಲಿಯಮ್ಮನ ತಾಯಿ ಕಾಲಿಡಲಾಗದ ಮನೆಗಳ ಪಡಸಾಲೆಗೂ ಬಂತು.

"ಸರಿ, ಆರತಕ್ಷತೆಯಲ್ಲಿ ಯಾರ್ಯಾರು ಮೈಕಲ್ಲಿ ಮಾತಾಡಿದ್ರು?"

"ಯಾರೂ ಇಲ್ಲ ಸಾರ್. ಮಾತು ಬ್ಯಾಡ, ಬರೀ ಹಾಡು ಹಾಕು ಅಂದಿದ್ರು ಯಜಮಾನ್ರು. ಮೈಕು ಪೆಟ್ಟಿಗೆಯಿಂದ ಹೊರಗೇ ಬರ್ಲಿಲ್ಲ."

"ತೆಗಿ, ನೋಡೋಣ."

ಕಲ್ಲೇಶಪ್ಪ ಪೆಟ್ಟಿಗೆಯನ್ನು ಮುಂದಕ್ಕೆಳೆದ. ಪೆಟ್ಟಿಗೆಯ ಚಿಲಕ ಎರಡು ಸಲ ಜಾರಿತು. ಮೈಕಿನ ಮೂತಿಗೆ ಬಿಳಿ ಕರವಸ್ತ್ರ ಬಿಗಿದು ದಾರ ಸುತ್ತಿತ್ತು.

"ಇದ್ಯಾಕೆ?"

"ಎಂಜಲು ಹಾರ್ಬಾರ್ದು ಅಂತ. ಪ್ರತಿ ಮದ್ವೆಗೂ ಹೊಸಾದು ಕಟ್ತೀನಿ. ನಮ್ ಜನ ಮಾತಾಡಿದ್ರೆ ಮಳೆ ಸುರ್ದಂಗೆ ಅಲ್ವಾ ಸಾರ್. ಮೊನ್ನೆ ಸಹಕಾರ ಸಂಘದ ಅಧ್ಯಕ್ಷರು..." ನಗಿಸಲು ನೋಡಿದ.

ಉಗ್ರಪ್ಪ ಮೈಕನ್ನು ಬಾಗಿಲ ಸಂದಿನ ಬೆಳಕಿಗೆ ಹಿಡಿದಿದ್ದ. ಕರವಸ್ತ್ರದ ನಟ್ಟನಡುವೆ ಕೆಂಪು ಕಲೆ. ಕುಂಕುಮ ಅಂದುಕೊಂಡ. ಬೆರಳು ತಾಗಿಸಿದ. ಕುಂಕುಮ ಉದುರುತ್ತದೆ, ಇದು ಉದುರಲಿಲ್ಲ. ಎಲೆಯಡಿಕೆಯ ರಸ ಒಣಗಿದರೆ ಕಂದಾಗುತ್ತದೆ, ಇದು ಕಂದಾಗಿರಲಿಲ್ಲ. ಬೆರಳಿಗೆ ಜಿಡ್ಡು ಹತ್ತಿತು.

ಲಿಪ್‌ಸ್ಟಿಕ್ಕು.

ಎರಡು ತುಟಿಗಳ ಗುರುತು ಬಟ್ಟೆಯ ಮೇಲೆ ಒತ್ತಿ ಕೂತಿತ್ತು. ಈ ಊರಿನವರು ಮೈಕಿಗೆ ಹೆದರುತ್ತಾರೆ, ಮೊಳ ದೂರ ನಿಂತು ಗಂಟಲು ಹರಿಯುವಂತೆ ಕೂಗುತ್ತಾರೆ. ತುಟಿಯನ್ನು ಮೈಕಿಗೇ ಮುಟ್ಟಿಸಿ ಹಾಡುವುದು ಕ್ಲಬ್ಬಿನಲ್ಲಿ ಕಲಿತವರು.

"ಕಲ್ಲೇಶಪ್ಪ, ಪೆಟ್ಟಿಗೆಯಿಂದ ಹೊರಗೆ ಬರದ ಮೈಕಿಗೆ ಮುತ್ತು ಕೊಟ್ಟೋರ್ಯಾರು?"

ಕಲ್ಲೇಶಪ್ಪ ಸ್ಟೂಲು ಎಳೆದು ಕೂತ. ದೊಡ್ಡ ಮೈಯವನು. ಇಪ್ಪತ್ತು ಹಳ್ಳಿಯ ಮದುವೆಗಳನ್ನು ಕುಣಿಸಿದವನು. ವಯರಿನ ತುಂಡೊಂದನ್ನು ಎತ್ತಿಕೊಂಡು ಬೆರಳಿಗೆ ಸುತ್ತತೊಡಗಿದ.

"ನಾನೇ ಸಾರ್ ಕೊಟ್ಟಿದ್ದು ಮೈಕ."

"ಹೇಳು."

"ಶಾಮಿಯಾನದ ಹಿಂದೆ ಇತ್ತು ನಮ್ ಸೆಟ್ಟು. ಮುಂದೆ ಪರದೆ. ಗಂಡಿನ ಕಡೆ ಹುಡುಗ್ರು ಒನ್ಸ್ ಮೋರ್ ಅಂತಿದ್ರು. ಮದುಮಗ ಶಾಲು ಕಿತ್ತೆಸೆದು ಸ್ಟೇಜ್ ಇಳ್ದು ಕುಣಿದ. ಆಗ ನೋಡ್ತೀನಿ, ಹುಲಿಯಮ್ಮ ಬೇಲಿ ಹತ್ರ ನಿಂತವ್ಳೆ. ತನ್ ಹಾಡಿಗೆ ಜನ ಕುಣಿಯೋದ್ನ ನೋಡ್ತಾ ಕಣ್ಣಲ್ಲಿ ನೀರು ಹಾಕ್ಕಂಡು ನಗ್ತಾವ್ಳೆ. ಪ್ಯಾಸೆಂಜರ್ ಹೋಗಿ ಒಸಿ ಹೊತ್ತಾಗಿತ್ತು. ಪ್ಲೇಟ್ ಓಡ್ತಿತ್ತು. ಬಾ ಕಣವ್ವ, ನೀನೂ ಒಂದ್ ಸಾಲು ಹೇಳು ಅಂತ ಮೈಕ್ ಕೈಗಿಟ್ಟೆ."

"ನೀನಾಗೇ ಕೊಟ್ಯಾ? ಯಾರಾದ್ರೂ ಹೇಳಿದ್ರಾ?"

ವಯರು ಬೆರಳಿಗೆ ಬಿಗಿಯಿತು. "ನಾನಾಗೇ."

"ಆಮೇಲೆ?"

"ಪರದೆ ಆಚೆ ಜನ ಹುಚ್ಚೆದ್ದುಹೋದ್ರು. ಮದುಮಗ ಪರದೆ ಸರಿಸಿ ನೋಡ್ದ. ಕವರಿನ ಮ್ಯಾಲಿರೋ ಹೆಣ್ಣೇ ಎದುರಿಗೆ ನಿಂತಿತ್ತು. ಕೈ ಮುಗ್ದ ಸಾರ್ ಅವ್ನು, ನಿಜವಾಗ್ಲೂ ಕೈ ಮುಗ್ದ. ನೀವ್ಯಾಕೆ ಇಲ್ಲಿ ಹಿಂದ್ಗಡೆ, ಸ್ಟೇಜಿಗೆ ಬನ್ನಿ ಅಂದ. ಅಷ್ಟ್ರಾಗೆ ಮನೆಯೋರೊಬ್ರು ಬಂದ್ರು. ಏ, ಇವ್ಳು ಉಚ್ಚಂಗಿ ಮಗಳಲ್ವೇನಲೇ, ಕೇರಿಯೋಳು, ಅಂದ್ರು."

ಹೊರಗೆ ಎತ್ತೊಂದು ಕೊರಳಗಂಟೆ ಆಡಿಸಿತು. ಕಲ್ಲೇಶಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಮದುಮಗನ ಮುಖ ನೋಡ್ಬೇಕಿತ್ತು ನೀವು. ಮುಗಿದ ಕೈನ ಪಂಚೆಗೆ ಒರೆಸ್ಕಂಡ. 'ಇವ್ಳ ಹಾಡಿಗೆ ನಾನು ಕುಣಿದ್ನಾ' ಅಂದ. ಅಷ್ಟೇ ಅಂದಿದ್ದು. ಹುಲಿಯಮ್ಮ ಸುಮ್ನಿರ್ಲಿಲ್ಲ. 'ಕುಣಿದ ಕಾಲನ್ನೇನ್ಮಾಡ್ತೀರಿ ಸ್ವಾಮಿ, ತೊಳ್ಕೊಂಡ್ರೆ ಹೋಯ್ತದಾ' ಅಂದ್ಬಿಟ್ಲು."

"ಹೊಡೆದ್ರಾ?"

"ಇಲ್ಲ. ನೆಂಟ್ರ ಮುಂದೆ ಯಾಕೆ ಅಂತ ಎಲ್ರೂ ಹಲ್ಲು ಕಚ್ಕಂಡ್ರು. ಪೊಲೀಸ್ನೋರು ಬಂದು ತೋಳು ಹಿಡ್ಕಂಡು ಕರ್ಕಂಡೋದ್ರು."

"ಯಾವ ಪೊಲೀಸು?"

ಕಲ್ಲೇಶಪ್ಪ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದ. ಅದರಲ್ಲಿ ಭಯಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು.

"ನಿಮ್ ಬೆನಕಪ್ಪನೋರು. ಸಾಹೇಬ್ರು ಹೇಳವ್ರೆ ಅಂದ್ರು. ನಿಮಗೆ ಗೊತ್ತಿದ್ದೂ ಪಂಚನಾಮೆಗೆ ರುಜು ಹಾಕಿದ್ರಿ ಅಂತ್ಲೇ ನಾನು ಬಾಯಿ ಬಿಡ್ಲಿಲ್ಲ. ಇವತ್ತು ಬಂದು ಕೇಳ್ತಿದೀರಿ. ನನ್ನ ಬಾಯಿ ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡ್ತಿದೀರಾ ಅಂದ್ಕೊಂಡೆ."

ಉಗ್ರಪ್ಪ ಕೈಯಲ್ಲಿದ್ದ ಮೈಕನ್ನು ಮೇಜಿನ ಮೇಲಿಟ್ಟ.

ಅವತ್ತು ಊಟ ಮಂಡಿಯ ಹಿಂದಿನ ಗೋಡೌನಿನಲ್ಲಿತ್ತು. ಎರಡು ಸಾಲು ಎಲೆ. ಇಂಥ ಮದುವೆಗಳಲ್ಲಿ ಅವನ ಅಪ್ಪ ಹನುಮಂತಯ್ಯ ಹಿತ್ತಿಲಲ್ಲಿ ನಿಂತು ಎಂಜಲೆಲೆ ಎತ್ತಿದವನು. ಮಗ ಖಾಕಿ ತೊಟ್ಟು, ಬೆಲ್ಟು ಸಡಿಲಿಸಿಕೊಂಡು, ಯಜಮಾನರ ಪಕ್ಕದ ಎಲೆಗೇ ಕೂತಿದ್ದ. ಖಾಕಿಗೆ ಹಾಕಿದ ಎಲೆ ಅದು, ಅವನಿಗಲ್ಲ. ಅದು ಅವನಿಗೆ ಗೊತ್ತಿತ್ತು. ಆದರೂ ಎದೆ ಉಬ್ಬಿತ್ತು.

ಹೋಳಿಗೆಗೆ ತುಪ್ಪ ಬಡಿಸುವಾಗ ಮಲ್ಲಿಕಾರ್ಜುನಪ್ಪ ಕಿವಿಯ ಬಳಿ ಬಗ್ಗಿದ್ದರು. ಹಿಂದೆ ಸೆಟ್ಟಿನ ಹತ್ತಿರ ಯಾರೋ ಗಲಾಟೆ ಮಾಡ್ತಾರೆ ಇನ್ಸ್‌ಪೆಕ್ಟ್ರೇ, ನೆಂಟ್ರು ಇದಾರೆ, ನಿಮ್ಮೋರಿಗೆ ಒಂದ್ಮಾತು ಹೇಳಿ.

ಎದ್ದು ಹೋಗಿ ನೋಡಬೇಕಿತ್ತು. ಹತ್ತು ಹೆಜ್ಜೆ ದೂರವೂ ಇರಲಿಲ್ಲ.

ಆದರೆ ಪಂಕ್ತಿಯ ನಡುವೆ ಏಳಬಾರದು. ಎದ್ದರೆ ಇಡೀ ಸಾಲಿಗೇ ಅವಮಾನ. ಬೇರೆ ಯಾರಾದರೂ ಎದ್ದಿದ್ದರೆ ಹೊಟ್ಟೆನೋವು ಅಂದುಕೊಳ್ಳುತ್ತಿದ್ದರು. ಇವನು ಎದ್ದಿದ್ದರೆ, ಕೂರಿಸಿದರೂ ಕೂರಲು ಬರುವುದಿಲ್ಲ ಈ ಜನಕ್ಕೆ ಅನ್ನುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಸಿಕ್ಕ ಎಲೆ. ಅವನು ತಲೆಯನ್ನೂ ತಿರುಗಿಸಲಿಲ್ಲ. ಬೆನ್ನ ಹಿಂದೆ ನಿಂತಿದ್ದ ಬೆನಕಪ್ಪನಿಗೆ, "ಯಾರೋ ನೋಡು, ಕಳ್ಸಿ ಬಾ," ಅಂದ. ಹೋಳಿಗೆ ಮುರಿದ.

ಹಾರ್ನಿನಲ್ಲಿ ಅವಳು ಹಾಡಿದ್ದು ಅದಕ್ಕೆ ಸ್ವಲ್ಪ ಮುಂಚೆ. ಅವ್ವಾ, ಎಸರಿಡೇ. ಅದು ಅವನ ಕಿವಿಗೂ ಬಿದ್ದಿರಲೇಬೇಕು. ಅಷ್ಟು ದೂರದ ಕೇರಿಯಲ್ಲಿ ಒಬ್ಬ ಮುದುಕಿಗೆ ತಿಳಿದದ್ದು, ಹತ್ತಿರದಲ್ಲೇ ಕೂತು ಉಣ್ಣುತ್ತಿದ್ದವನಿಗೆ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಹಳಿಯ ಇಳಿಜಾರಿನಲ್ಲಿ ಹೆಣ ಸಿಕ್ಕಾಗ, ಪ್ಯಾಸೆಂಜರಿಗೆ ಸಿಕ್ಕಿರೋದು ಸಾರ್ ಎಂದು ಮೊದಲು ಅಂದವನು ಬೆನಕಪ್ಪ. ಹೌದಾ ಎಂದು ಕೂಡ ಇವನು ಕೇಳಲಿಲ್ಲ.

ಅವಳನ್ನು ಕೊಂದವರು ಯಾರೋ ಇರಬಹುದು. ಅವರ ಕೈಗೆ ಅವಳನ್ನು ಒಪ್ಪಿಸಿದ ಮಾತು ಮಾತ್ರ ಇವನದು.

"ಇದನ್ನೆಲ್ಲ ಬರೆದು ಕೊಡ್ತೀಯಾ?" ಅಂದ.

"ಬರೆದ್ರೆ ನಿಮ್ ಹೆಸರೂ ಬತ್ತದೆ ಸಾರ್."

"ಮೊದ್ಲು ಅದನ್ನೇ ಬರಿ."

ಕಲ್ಲೇಶಪ್ಪ ಬೆರಳಿಗೆ ಸುತ್ತಿದ್ದ ವಯರನ್ನು ಬಿಚ್ಚಿ ಕೆಳಗಿಟ್ಟ. "ನಾನು ಮೈಕ್ ಕೊಡದೆ ಇದ್ದಿದ್ರೆ ಬದುಕಿರೋಳು ಆ ಹುಡ್ಗಿ," ಅಂದ. "ಅವತ್ತಿಂದ ನಮ್ಮನೇಲಿ ನಾನು ರೇಡಿಯೋನೂ ಹಚ್ಚಿಲ್ಲ." ಆಮೇಲೆ ತಲೆಯಾಡಿಸಿ, ಬರೆಯಲು ಬಿಳಿ ಹಾಳೆ ಹುಡುಕತೊಡಗಿದ.

ಉಗ್ರಪ್ಪ ಕರವಸ್ತ್ರ ಬಿಚ್ಚಿ, ಮಡಿಸಿ ಜೇಬಿಗಿಟ್ಟುಕೊಂಡ. ಉಚ್ಚಂಗಮ್ಮನಿಗೆ ತಾನೇ ಹೇಳಬೇಕು, ಬೇರೆಯವರ ಬಾಯಲ್ಲಿ ಅವಳು ಕೇಳಬಾರದು ಅಂದುಕೊಂಡು ಬಾಗಿಲು ತಳ್ಳಿದ.

ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ರಸ್ತೆಯ ಮೇಲೆ ಕಡಲೆಕಾಯಿ ಸಿಪ್ಪೆ. ಕುಡಿಯದ ಟೀ ಲೋಟದಲ್ಲಿ ಕೆನೆ ಕಟ್ಟುತ್ತಿತ್ತು.

ಜೀಪು ಇರಲಿಲ್ಲ.

"ಏಯ್, ಜೀಪ್ ಎಲ್ಲಪ್ಪ?"

ಈರುಳ್ಳಿ ಮೂಟೆಗಳ ಮೇಲಿದ್ದವನು ಎದ್ದು ಕೂತ. "ಆವಾಗ್ಲೇ ಹೋಯ್ತಲ್ಲ ಸಾರ್. ಆವಮ್ಮನ್ನ ಹಿಂದೆ ಕೂರಿಸ್ಕಂಡ್ರು. ಠಾಣೆ ಕಡೆಗೆ ಅಲ್ಲ, ಆ ಕಡೆಗೆ." ಬೀರೂರಿನ ದಾರಿ ತೋರಿಸಿದ. "ಆವಮ್ಮ ಬರಾಕಿಲ್ಲ ಅಂತಿತ್ತು."

ಠಾಣೆ ಊರಿನ ಇನ್ನೊಂದು ತುದಿಗೆ. ಆ ರಸ್ತೆಯಲ್ಲಿ ಫೋನಿದ್ದದ್ದು ಒಂದೇ ಕಡೆ, ಎದುರಿನ ಮಲ್ಲಿಕಾರ್ಜುನಪ್ಪನ ಮಂಡಿಯಲ್ಲಿ. ಉಗ್ರಪ್ಪ ಗಾಡಿಗಳ ನಡುವೆ ನುಗ್ಗಿ ರಸ್ತೆ ದಾಟಿದ. ಮಂಡಿಯಲ್ಲಿ ಹಮಾಲರು ಊಟಕ್ಕೆ ಹೋಗಿದ್ದರು, ಗದ್ದುಗೆ ಖಾಲಿ ಇತ್ತು. ರಿಸೀವರ್ ಎತ್ತಿ ಗುಂಡಿ ತಟ್ಟಿದ.

"ಎಕ್ಸ್‌ಚೇಂಜಾ? ತರೀಕೆರೆ ಡಿವೈಎಸ್ಪಿ ಆಫೀಸು ಕೊಡಿ, ಅರ್ಜೆಂಟು." ಲೈನು ಗರಗರ ಎಂದಿತು. ಆ ಕಡೆಯಿಂದ ಯಾರೋ ಹಲೋ ಅಂದರು. "ಸಬ್ ಇನ್ಸ್‌ಪೆಕ್ಟರ್ ಉಗ್ರಪ್ಪ. ಬರ್ಕೊಳ್ಳಿ. ಹುಲಿಯಮ್ಮನ ಪಂಚನಾಮೆ ವಾಪಸ್ ತಗೋತಿದೀನಿ. ಅದು ರೈಲಲ್ಲ, ಕೊಲೆ. ಅವ್ಳನ್ನ ಕಡೇ ಸಲ ಕರ್ಕೊಂಡು ಹೋದೋನು ನಮ್ಮ ಕಾನ್‌ಸ್ಟೇಬಲ್ ಬೆನಕಪ್ಪ. ಕಳ್ಸಿದ್ದು..."

ಫೋನಿನ ಗುಂಡಿಯ ಮೇಲೆ ಒಂದು ಕೈ ಬಂದು ಕೂತಿತು. ಲೈನು ಸತ್ತಿತು.

ಮದರಂಗಿಯ ಬಣ್ಣ ಮಾಸದ ಕೈ. ಮೊಣಕೈವರೆಗೂ ಹಸಿರು ಬಳೆ. ಮನೆಗೂ ಮಂಡಿಗೂ ನಡುವಿನ ಬಾಗಿಲಿನಲ್ಲಿ ಮದುಮಗಳು ಮಲ್ಲಿಕಾಂಬ ನಿಂತಿದ್ದಳು. ಎಷ್ಟು ರಾತ್ರಿಗಳಿಂದ ನಿದ್ದೆ ಇಲ್ಲವೋ, ಕಣ್ಣು ಊದಿದ್ದವು.

"ಕೈ ತೆಗೀರಮ್ಮ," ಅಂದ ಉಗ್ರಪ್ಪ.

"ಎಕ್ಸ್‌ಚೇಂಜಿನೋನು ಅಪ್ಪಂಗೆ ಒಂದೊಂದು ಮಾತೂ ಮುಟ್ಟಿಸ್ತಾನೆ ಸಾರ್. ನೀವು ಇಲ್ಲಿ ಫೋನಿಟ್ಟು ಹೊರಡೋ ಹೊತ್ತಿಗೆ ಆ ಮುದುಕಮ್ಮ ಇರಲ್ಲ." ಅವಳು ಇನ್ನೊಂದು ಕೈಯಿಂದ ಬೆನ್ನ ಹಿಂದಿನ ಬಾಗಿಲು ಎಳೆದುಕೊಂಡಳು. ಗುಂಡಿ ಮಾತ್ರ ಬಿಡಲಿಲ್ಲ. "ಕಲ್ಲೇಶಣ್ಣ ನನ್ ಹೆಸರು ಹೇಳಿರಲ್ಲ. ಅವತ್ತು ಹುಲಿಯಮ್ಮನ್ನ ಕರೆಸಿದ್ದು ನಾನು, ಮೈಕ್ ಕೊಡ್ಸಿದ್ದು ನಾನು. ಕಡೂರು ಹೈಸ್ಕೂಲಲ್ಲಿ ಒಂದೇ ಬೆಂಚಲ್ಲಿ ಕೂತಿದ್ವಿ. ನನ್ ಮದ್ವೇಲಿ ಅವಳು ಹಾಡ್ಲಿ ಅಂತ ಒಂದಾಸೆ ಇತ್ತು. ಅಷ್ಟೇ ನಾನು ಮಾಡಿದ್ದು."

"ಜೀಪು ಎಲ್ಲಿಗೆ ಹೋಯ್ತು?"

"ಹೇಳ್ತೀನಿ. ನಾನೂ ಬರ್ತೀನಿ. ನಾನು ಇದ್ರೆ ಮಾತ್ರ ಅವ್ರು ನಿಲ್ಲಿಸ್ತಾರೆ."

"ಬೆನಕಪ್ಪ ನಿಮ್ಮ ಮಾತಿಗೆ ನಿಲ್ಲಿಸ್ತಾನಾ?"

"ಬೆನಕಪ್ಪ ಅಲ್ಲ ಸಾರ್." ಅವಳು ಕತ್ತಿನ ಹೊಸ ಅರಿಶಿನ ದಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮಂಡಿ ಹಿಂದಿನ ಗೇಟಲ್ಲಿ ಜೀಪ್ ನಿಲ್ಸಿ ಇನ್ನೊಬ್ರನ್ನ ಹತ್ತಿಸ್ಕೊಂಡ. ಆರತಕ್ಷತೆ ದಿನಾನೂ ಅಲ್ಲೇ ಹತ್ತಿಸ್ಕೊಂಡಿದ್ದ. ಎರಡು ಸಲವೂ ನಾನು ಕಿಟಕೀಲಿ ನಿಂತು ನೋಡಿದೀನಿ. ಹತ್ತಿದ್ದು ನಂಗೆ ತಾಳಿ ಕಟ್ಟಿದೋರು."